ನಲವತ್ತೊಂದನೆಯ ಪುಟ

ಮನೆ ಖಾಲಿ ಮಾಡುವವರಿಗೆ ಜಗಳವಾಡಲು ಕೂಡ ಜಾಗ ಸಿಗುವುದಿಲ್ಲ. ಕುರ್ಚಿಗಳ ಮೇಲೆ ಪೆಟ್ಟಿಗೆ, ಪೆಟ್ಟಿಗೆಗಳ ಮೇಲೆ ಹಾಸಿಗೆ, ಹಾಸಿಗೆಯ ಮೇಲೆ ಅಳಿದುಳಿದ ಪಾತ್ರೆ. ಆದರೂ ಆ ಮನೆಯವರು ಮೂರು ವಾರ ಬಿಡದೆ ಜಗಳವಾಡಿದರು, ಅದೂ ನಿಂತುಕೊಂಡೇ. ವಿಷಯ ಒಂದೇ. ಹೊಸ ಊರಿನಲ್ಲಿ ಹುಡುಗಿಯನ್ನು ದೊಡ್ಡ ಹೈಸ್ಕೂಲಿಗೆ ಸೇರಿಸಬೇಕೋ, ಚಿಕ್ಕದಕ್ಕೋ.

ಊರು ಬಿಡುವಂತಾದದ್ದು ಅಮ್ಮನ ಬಡ್ತಿಯಿಂದ. ಹದಿನಾರು ವರ್ಷ ಬಸ್ಸಿನಲ್ಲಿ ಕಂಡಕ್ಟರಾಗಿ ನಿಂತು ನಿಂತು ಕಾಲಿನ ನರ ಉಬ್ಬಿಸಿಕೊಂಡ ಮೇಲೆ ಅವಳಿಗೆ ಬೇರೆ ಊರಿನ ಡಿಪೋದಲ್ಲಿ ಕಂಟ್ರೋಲರ್ ಕುರ್ಚಿ ಸಿಕ್ಕಿತ್ತು. ಅಪ್ಪ ಹೊಲಿಗೆ ಯಂತ್ರ ರಿಪೇರಿ ಮಾಡುವವನು. ಹೊಲಿಗೆ ಯಂತ್ರ ಕೆಡದ ಊರು ಎಲ್ಲೂ ಇಲ್ಲ ಎಂದುಕೊಂಡು ತನ್ನ ಸಲಕರಣೆಯ ಚೀಲವನ್ನು ಎಲ್ಲರಿಗಿಂತ ಮೊದಲೇ ಕಟ್ಟಿಟ್ಟಿದ್ದ. ಅಪ್ಪನ ಅಪ್ಪ, ಅಂದರೆ ತಾತ, ದೊಡ್ಡ ಮುದ್ರಣಾಲಯವೊಂದರಲ್ಲಿ ನಲವತ್ತು ವರ್ಷ ಪ್ರೂಫ್ ನೋಡಿ ನಿವೃತ್ತರಾದವರು. ಇನ್ನು ಹುಡುಗಿ. ಹುಟ್ಟಿದಾಗ ಅಂಗೈಯಗಲ ಇದ್ದಳೆಂದು ಕುಳ್ಳಿ ಎಂದು ಕರೆದರು. ಹದಿನಾಲ್ಕಕ್ಕೆ ಅಮ್ಮನಿಗಿಂತ ನಾಲ್ಕು ಬೆರಳು ಎತ್ತರ ಬೆಳೆದಳು, ಹೆಸರು ಮಾತ್ರ ಬೆಳೆಯಲಿಲ್ಲ.

ಹೊಸ ಡಿಪೋಗೆ ಕಾಗದ ಕೊಡಲು ಹೋದ ದಿನವೇ ಅಮ್ಮ ಎರಡೂ ಶಾಲೆ ನೋಡಿಕೊಂಡು ಬಂದಿದ್ದಳು.

"ದೊಡ್ಡದರಲ್ಲಿ ಎರಡು ಸಾವಿರ ಮಕ್ಕಳು," ಎಂದಳು ತಟ್ಟೆಗಳನ್ನು ಹಳೆ ಪೇಪರಿನಲ್ಲಿ ಸುತ್ತುತ್ತಾ. "ಒಂಬತ್ತನೇ ಕ್ಲಾಸಿಗೇ ಒಂಬತ್ತು ಸೆಕ್ಷನ್. ಒಂದೊಂದರಲ್ಲಿ ಅರವತ್ತು ತಲೆ. ಚಿಕ್ಕದು ಡಿಪೋ ಹಿಂದೇನೇ ಇದೆ. ಇವಳ ಕ್ಲಾಸಲ್ಲಿ ಹದಿಮೂರು ಜನ. ಇವಳು ಹೋದ್ರೆ ಹದಿನಾಲ್ಕು."

"ಹದಿಮೂರು ಜನ ಇರೋದು ಶಾಲೆ ಅಲ್ಲಮ್ಮ, ಡಾಕ್ಟರ ಮುಂದಿನ ಬೆಂಚು," ಎಂದರು ತಾತ. "ದೊಡ್ಡದರಲ್ಲಿ ಲ್ಯಾಬ್ ಇರುತ್ತೆ, ಮೈದಾನ ಇರುತ್ತೆ, ಲೈಬ್ರರಿ ಇರುತ್ತೆ."

"ಲೈಬ್ರರಿ ಇದೆ, ಮಾವ. ಬೀಗ ಹಾಕಿತ್ತು."

"ನಾನು ದೊಡ್ಡದಕ್ಕೇ ಹೋಗೋದು," ಎಂದಳು ಕುಳ್ಳಿ.

"ಯಾಕೆ?"

"ದೊಡ್ಡದಲ್ವಾ, ಅದಕ್ಕೆ."

"ನೋಡ್ರೀ, ಕಾರಣ ಹೇಗಿದೆ," ಎಂದು ಅಮ್ಮ ಗಂಡನ ಕಡೆ ತಿರುಗಿದಳು. ಗಂಡ ಪೆಟ್ಟಿಗೆಗೆ ಹಗ್ಗ ಬಿಗಿಯುತ್ತಾ, "ಮಧ್ಯದ್ದು ಒಂದು ಇಲ್ವಾ?" ಎಂದ. ಮನೆಯಲ್ಲಿ ಯಾವ ಜಗಳ ನಡೆದರೂ ಅವನು ಹೀಗೊಂದು ಮಾತು ಎಸೆದು ಪಕ್ಕಕ್ಕೆ ಸರಿಯುವವನೇ.

ಆ ಮನೆಯಲ್ಲಿ ಇಬ್ಬರಿಗಷ್ಟೇ ಗೊತ್ತಿದ್ದ ಕಾರಣ ಬೇರೆ ಇತ್ತು. ಅದನ್ನು ಈಗಲೇ ಹೇಳಿಬಿಡುವುದು ವಾಸಿ. ಕುಳ್ಳಿಗೆ ಓದಲು ಬರುತ್ತಿರಲಿಲ್ಲ.

ಅಕ್ಷರಗಳು ಗೊತ್ತಿದ್ದವು. ಚಿಕ್ಕ ಪದಗಳನ್ನು ಮುಖ ನೋಡಿ ಗುರುತು ಹಿಡಿಯುತ್ತಿದ್ದಳು. ಒತ್ತಕ್ಷರ ಬಂದರೆ ನಿಂತುಬಿಡುತ್ತಿದ್ದಳು, ಸಾಲಿನ ಕೊನೆಗೆ ಬರುವಷ್ಟರಲ್ಲಿ ಮೊದಲು ಏನಿತ್ತೆಂಬುದೇ ಮರೆತಿರುತ್ತಿತ್ತು. ಇದಕ್ಕೆ ಅವಳ ದಡ್ಡತನ ಕಾರಣವಲ್ಲ. ಕಾರಣ ತಾತನ ಕಸುಬು.

ಪ್ರೂಫ್ ನೋಡುವುದಕ್ಕೆ ಇಬ್ಬರು ಬೇಕು. ಒಬ್ಬ ಮೂಲಪ್ರತಿ ಹಿಡಿದು ಗಟ್ಟಿಯಾಗಿ ಓದುತ್ತಾನೆ, ಅಲ್ಪವಿರಾಮ ಪೂರ್ಣವಿರಾಮಗಳ ಸಮೇತ. ಇನ್ನೊಬ್ಬ ಅಚ್ಚಾದ ಹಾಳೆಯ ಮೇಲೆ ಬೆರಳಿಟ್ಟು ಹಿಂಬಾಲಿಸುತ್ತಾ, ಸಾಲು ಮುಗಿದಾಗ "ಸರಿ" ಎನ್ನುತ್ತಾನೆ. ತಾತ ನಿವೃತ್ತರಾದ ವರ್ಷವೇ ಕುಳ್ಳಿ ಒಂದನೇ ತರಗತಿಗೆ ಸೇರಿದಳು. ಅಮ್ಮನಿಗೆ ಪಾಳಿ, ಅಪ್ಪನಿಗೆ ಅಂಗಡಿ. ಪಾಠ ಹೇಳಿಕೊಡುವ ಕೆಲಸ ತಾತನ ಪಾಲಿಗೆ ಬಂತು. ಅವರು ತಮಗೆ ಗೊತ್ತಿದ್ದ ಒಂದೇ ರೀತಿಯಲ್ಲಿ ಹೇಳಿಕೊಟ್ಟರು. ಅವರು ಓದುವುದು, ಅವಳು ಬೆರಳಿಟ್ಟು "ಸರಿ" ಎನ್ನುವುದು. ಆರು ವರ್ಷದ ಹುಡುಗಿ "ತಾತ, ಹಸಿವಾಗ್ತಿದೆ, ಪೂರ್ಣವಿರಾಮ" ಎನ್ನುತ್ತಿದ್ದರೆ ಮನೆಯವರೆಲ್ಲ ನಕ್ಕು ಸುಸ್ತಾಗುತ್ತಿದ್ದರು.

ಬೆರಳು ಸರಿಯಾಗಿ ಓಡುತ್ತಿತ್ತು, ಏಕೆಂದರೆ ಅದು ಓಡುತ್ತಿದ್ದುದು ತಾತನ ದನಿಯ ಹಿಂದೆ. ಒಮ್ಮೆ ಕೇಳಿದ್ದು ಕುಳ್ಳಿಗೆ ಮರೆಯುತ್ತಿರಲಿಲ್ಲ. ಅರವತ್ತು ಮಕ್ಕಳ ತರಗತಿಯಲ್ಲಿ ಎದ್ದು ಓದುವ ಸರದಿ ತಿಂಗಳಿಗೊಮ್ಮೆ ಬಂದರೆ ಹೆಚ್ಚು, ಬಂದಾಗ ಪಾಠ ಬಾಯಲ್ಲೇ ಇರುತ್ತಿತ್ತು. ಪರೀಕ್ಷೆಯಲ್ಲಿ ಉತ್ತರಗಳ ಆಕಾರವನ್ನು ಚಿತ್ರ ಬರೆದಂತೆ ನೆನಪಿನಿಂದ ಇಳಿಸುತ್ತಿದ್ದಳು, ಮಿಕ್ಕದ್ದಕ್ಕೆ ಪಕ್ಕದವಳ ಹಾಳೆ. ಲೆಕ್ಕವೊಂದು ಸ್ವಂತದ್ದು. ನೂರಕ್ಕೆ ನಲವತ್ತು, ನಲವತ್ತೆರಡು. ಅಮ್ಮ ಸಹಿ ಹಾಕಿ, "ಇನ್ನೂ ಸ್ವಲ್ಪ ಕಷ್ಟಪಡು" ಎಂದು ಡ್ಯೂಟಿಗೆ ಹೊರಡುತ್ತಿದ್ದಳು.

ತಾತನಿಗೆ ತಿಳಿದದ್ದು ಎರಡು ವರ್ಷದ ಹಿಂದೆ. ಕಣ್ಣಿಗೆ ಔಷಧಿ ಹಾಕಿಕೊಂಡಿದ್ದರು, ಎಲ್ಲ ಮಂಜು. ಸೀಸೆಯ ಮೇಲೆ ದಿನಕ್ಕೆ ಎಷ್ಟು ಹನಿ ಎಂದು ಬರೆದಿದೆ ನೋಡು ಮರಿ ಎಂದರು. ಅವಳು ಸೀಸೆಯನ್ನು ತಿರುಗಿಸಿದಳು, ಕಿಟಕಿಯ ಬಳಿ ಒಯ್ದಳು, ಅಂಟಿಸಿದ ಚೀಟಿ ಉಜ್ಜಿದಳು, ಕೊನೆಗೆ ಅತ್ತಳು. ನಲವತ್ತು ವರ್ಷದಲ್ಲಿ ಒಂದು ತಪ್ಪೂ ಕಣ್ಣು ತಪ್ಪಿಸಿ ಹೋಗಿಲ್ಲ ಎಂದು ಹೆಸರಾಗಿದ್ದ ಮನುಷ್ಯನಿಗೆ ಆ ದಿನ ಅನ್ನ ಇಳಿಯಲಿಲ್ಲ. ಮಗನಿಗೆ ಹೇಳಬೇಕು, ಸೊಸೆಗೆ ಹೇಳಬೇಕು ಎಂದುಕೊಂಡರು. ಹೇಳಲಿಲ್ಲ. ನಾಚಿಕೆಯಾಯಿತು, ಅಷ್ಟೇ. ಹೇಳುವ ಬದಲು ಇನ್ನಷ್ಟು ಗಟ್ಟಿಯಾಗಿ ಓದತೊಡಗಿದರು.

ಎರಡು ಸಾವಿರ ಮಕ್ಕಳ ನಡುವೆ ಒಬ್ಬಳು ಮುಚ್ಚಿಹೋಗುತ್ತಾಳೆ. ಹದಿಮೂರು ಜನರ ನಡುವೆ ಎರಡು ದಿನ ಸಾಕು, ಸಿಕ್ಕಿಬೀಳುತ್ತಾಳೆ. ಜಗಳದಲ್ಲಿ ಅವರು ಲ್ಯಾಬ್ ಲ್ಯಾಬ್ ಎಂದದ್ದೆಲ್ಲ ಇದಕ್ಕೇ.

ಹೊಸ ಮನೆ ಮಾರುಕಟ್ಟೆಯ ಪಕ್ಕದ ಒಂದು ಗುಂಡಿ-ದಾರದ ಅಂಗಡಿಯ ಮೇಲಿನ ಎರಡು ಕೋಣೆ. ನೀರು ಬೆಳಿಗ್ಗೆ ಒಂದು ಗಂಟೆ ಬರುತ್ತಿತ್ತು. ಅಪ್ಪ ಮೆಟ್ಟಿಲ ಕೆಳಗೆ ಒಂದು ಮೇಜು ಹಾಕಿ ಎರಡೇ ದಿನದಲ್ಲಿ ಗಿರಾಕಿ ಹಿಡಿದ. ಅಮ್ಮ ಸಮವಸ್ತ್ರ ಬಿಟ್ಟು ಇಸ್ತ್ರಿ ಮಾಡಿದ ಬಟ್ಟೆಯಲ್ಲಿ ಡಿಪೋಗೆ ಹೋಗತೊಡಗಿದಳು. ಡ್ರೈವರುಗಳೆಲ್ಲ "ಮೇಡಂ" ಎನ್ನುತ್ತಿದ್ದರು. ಮೊದಲ ವಾರ ಆ ಪದ ಕೇಳಿದಾಗಲೆಲ್ಲ ಅವಳು ಹಿಂದೆ ತಿರುಗಿ ನೋಡಿದಳಂತೆ, ಯಾರನ್ನು ಕರೆಯುತ್ತಿದ್ದಾರೆ ಎಂದು.

"ಚಿಕ್ಕ ಶಾಲೆಗೇ ಸೈ," ಎಂದಳು ಒಂದು ಸಂಜೆ ಚಹಾ ಸೋಸುತ್ತಾ. "ನಮ್ಮ ಡಿಪೋದವರ ಮಕ್ಕಳೆಲ್ಲ ಅಲ್ಲೇ ಇದಾರೆ. ಶನಿವಾರ ಹೆಡ್‌ಮಿಸ್ಸು ಬರಹೇಳಿದಾರೆ. ಹುಡುಗಿ ಕೈಲಿ ಒಂದು ಪುಟ ಓದಿಸಿ ನೋಡ್ತಾರಂತೆ, ಅಷ್ಟೇ. ಬೇರೆ ಪರೀಕ್ಷೆ ಇಲ್ಲ."

ಕುಳ್ಳಿ ಬ್ರೆಡ್ಡನ್ನು ಚಹಾದಲ್ಲಿ ಅದ್ದಿ ಹಾಗೇ ಬಿಟ್ಟಳು. ಅದು ಕರಗಿ ಲೋಟದ ತಳ ಸೇರಿತು.

ಮರುದಿನ ಬೆಳಿಗ್ಗೆ ತಾತ ಗಾಳಿ ಸೇವನೆಗೆ ಹೋಗುತ್ತೇನೆಂದು ಹೇಳಿ ನೇರವಾಗಿ ಆ ಶಾಲೆಯ ಎದುರಿನ ನೋಟ್‌ಬುಕ್ ಅಂಗಡಿಗೆ ಹೋದರು. ಅಂಗಡಿಯಾಕೆ ಮಾತುಗಾರ್ತಿ. "ಓದಿಸೋದಾ? ಅವರು ಯಾವಾಗ್ಲೂ ಒಂದೇ ಪುಸ್ತಕ, ಒಂದೇ ಪುಟ. ದೋಣಿಯವನ ಕಥೆ, ನಲವತ್ತೊಂದನೇ ಪುಟ. ನನ್ನ ಇಬ್ಬರು ಹೆಣ್ಣುಮಕ್ಕಳಿಗೂ ಅದೇ," ಎಂದು ಪುಸ್ತಕವನ್ನೂ ತೆಗೆದುಕೊಟ್ಟಳು. ತಾತ ಅದನ್ನು ಅಂಗಿಯೊಳಗೆ ಇಟ್ಟುಕೊಂಡು ಬಂದರು. ಎಪ್ಪತ್ತರ ವಯಸ್ಸಿನಲ್ಲಿ ಪುಸ್ತಕವನ್ನು ಕದ್ದ ಮಾಲಿನ ಹಾಗೆ ಒಯ್ಯುವುದು ಅವರಿಗೆ ಹಿತವಾಗಿರಲಿಲ್ಲ.

ಮೂರು ದಿನ ತಾರಸಿಯ ಮೇಲೆ, ಬಟ್ಟೆ ಒಣಗಿಸುವ ನೆಪದಲ್ಲಿ ಪಾಠ ನಡೆಯಿತು.

"ತಾತ, ಹೇಳಿಬಿಡೋಣ್ವಾ?" ಎಂದಳು ಕುಳ್ಳಿ ಎರಡನೇ ದಿನ.

"ಏನಂತ?"

"ನಂಗೆ ಬರಲ್ಲ ಅಂತ. ಅಮ್ಮ ಬೈತಾಳೆ. ಒಂದು ದಿನ ಬೈತಾಳೆ, ಅಷ್ಟೇ ತಾನೆ."

ತಾತ ಒದ್ದೆ ಟವಲನ್ನು ಕೊಡವಿದರು. "ಈಗ ಬೇಡ ಮರಿ. ಒಮ್ಮೆ ಸೇರಿಕೋ. ಆಮೇಲೆ ನಿಧಾನಕ್ಕೆ ನಾನೇ ಕಲಿಸ್ತೀನಿ."

"ಹೋದ ವರ್ಷಾನೂ ಹಾಗೇ ಅಂದೆ."

"ಬಾ, ಇನ್ನೊಂದ್ಸಲ ಓದ್ತೀನಿ. ಬೆರಳು ಇಡು."

ಅವಳು ಬೆರಳು ಇಟ್ಟಳು. ಕೆಳಗಿನಿಂದ ಮೆಟ್ಟಿಲು ಹತ್ತಿ ಬಂದ ಅಮ್ಮನಿಗೆ ಕಂಡದ್ದು ಪುಸ್ತಕದ ಮೇಲೆ ಬಾಗಿದ ಎರಡು ತಲೆಗಳು. ಮಾವನ ಜೊತೆ ಅಷ್ಟೆಲ್ಲ ಜಗಳವಾಡಿದ್ದಕ್ಕೆ ಅವಳಿಗೆ ಕೊಂಚ ಪಶ್ಚಾತ್ತಾಪವಾಯಿತು. ಆ ದಿನ ಅವರ ತಟ್ಟೆಗೆ ಎರಡು ಮೊಟ್ಟೆ ಹಾಕಿದಳು.

ಶನಿವಾರ ನಾಲ್ವರೂ ಹೋದರು. ಮುಖ್ಯೋಪಾಧ್ಯಾಯಿನಿಯ ಕೋಣೆಯಲ್ಲಿ ಮೂರೇ ಕುರ್ಚಿ ಇದ್ದವು. ಅಪ್ಪ ಕಿಟಕಿಗೆ ಒರಗಿ ನಿಂತ. ಆಕೆ ತೆಳ್ಳಗಿನ ಹೆಂಗಸು, ಬೆರಳುಗಳಿಗೆ ಸೀಮೆಸುಣ್ಣ ಮೆತ್ತಿತ್ತು. ಹಳೆ ಊರು, ಹಳೆ ಶಾಲೆ, ಮಾವನವರ ಪ್ರೆಸ್ಸು, ಎಲ್ಲ ವಿಚಾರಿಸಿಕೊಂಡು, ಡ್ರಾಯರಿನಿಂದ ಪುಸ್ತಕ ತೆಗೆದು ಕುಳ್ಳಿಯ ಮುಂದಿಟ್ಟರು. ನಲವತ್ತೊಂದನೆಯ ಪುಟವೇ. ತಾತ ಸದ್ದಿಲ್ಲದೆ ಉಸಿರು ಬಿಟ್ಟರು.

ಕುಳ್ಳಿ ಬೆರಳಿಟ್ಟು ಓದಿದಳು. ದೋಣಿಯವನು ಬೆಳಗಾಗುವ ಮೊದಲೇ ಹೊಳೆಗೆ ಬಂದದ್ದು, ಹಗ್ಗ ಬಿಚ್ಚಿದ್ದು, ಆಚೆ ದಡದಿಂದ ಯಾರೋ ಕೂಗಿದ್ದು. ಎಲ್ಲೂ ತಡವರಿಸಲಿಲ್ಲ. ಸಂಭಾಷಣೆ ಬಂದ ಕಡೆ ದನಿಯನ್ನೂ ಬದಲಾಯಿಸಿದಳು. ಅಮ್ಮನಿಗೆ ಹೆಮ್ಮೆಯಾಯಿತು, ಗಂಡನ ಕಡೆ ನೋಡಿ ಹುಬ್ಬು ಹಾರಿಸಿದಳು. ನಲವತ್ತೆರಡು ಅಂಕದ ಹಿಂದೆ ಇಂಥ ಓದು ಅಡಗಿತ್ತಲ್ಲ ಎಂಬ ಅರ್ಥದಲ್ಲಿ.

"ಚೆನ್ನಾಗಿ ಹೇಳ್ತೀಯ," ಎಂದರು ಮುಖ್ಯೋಪಾಧ್ಯಾಯಿನಿ. ಮುಂದಿನ ಹಾಳೆ ತಿರುಗಿಸಿದರು. "ಇದನ್ನೂ ಒಂದು ನಾಲ್ಕು ಸಾಲು ಓದು."

ಕುಳ್ಳಿಯ ಬೆರಳು ಮೊದಲ ಪದದ ಕೆಳಗೆ ಹೋಗಿ ನಿಂತಿತು. ಹೊರಗೆ ಯಾರೋ ಮೈದಾನಕ್ಕೆ ನೀರು ಚಿಮುಕಿಸುತ್ತಿದ್ದರು.

"ಓದೇ," ಎಂದಳು ಅಮ್ಮ.

"ಒತ್ತಾಯ ಬೇಡಿ," ಎಂದರು ಆಕೆ. ಪುಸ್ತಕವನ್ನು ಮೆಲ್ಲಗೆ ಎಳೆದುಕೊಂಡು ನಲವತ್ತೊಂದನೆಯ ಪುಟ ತೆರೆದು ತಾತನ ಕಡೆ ತಿರುಗಿಸಿದರು. "ನೀವು ಪ್ರೂಫ್ ನೋಡಿದವರಂತೆ. ಏಳನೇ ಸಾಲು ನೋಡಿ."

ತಾತ ನೋಡಿದರು. ಏಳನೆಯ ಸಾಲು ಎಂಟನೆಯದಾಗಿ ಮತ್ತೊಮ್ಮೆ ಅಚ್ಚಾಗಿತ್ತು. ಇಡೀ ಸಾಲು, ಎರಡು ಸಲ, ಒಂದರ ಕೆಳಗೊಂದು.

"ಅದಕ್ಕೇ ನಾನು ಈ ಪುಟ ಇಟ್ಕೊಂಡಿರೋದು," ಎಂದರು ಆಕೆ. "ನಿಜವಾಗಿ ಓದೋ ಮಕ್ಕಳು ಅಲ್ಲಿ ಎಡವ್ತಾರೆ. ಕೆಲವರು ಎರಡೂ ಸಲ ಓದ್ತಾರೆ, ಕೆಲವರು ನಿಲ್ಲಿಸಿ ನನ್ನ ಮುಖ ನೋಡ್ತಾರೆ, ನಗ್ತಾರೆ. ಈ ಮಗು ನಿಲ್ಲಲೇ ಇಲ್ಲ. ಯಾರೋ ಇದನ್ನ ಸರಿಮಾಡಿ ಇವಳಿಗೆ ಓದಿ ಹೇಳಿದಾರೆ."

ಸಾಲು ಎರಡು ಸಲ ಬಿದ್ದರೆ ಒಂದನ್ನು ದಾಟಿಸಿ ಓದುವುದು ತಾತನಿಗೆ ಉಸಿರಾಡಿದಷ್ಟು ಸಲೀಸು. ತಾರಸಿಯ ಮೇಲೆ ಮೂರು ದಿನವೂ ದಾಟಿಸಿದ್ದರು, ದಾಟಿಸಿದ್ದು ಅವರ ಗಮನಕ್ಕೇ ಬಂದಿರಲಿಲ್ಲ. ಈಗ ಅವರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. ಸೊಸೆಯ ಮುಖ ನೋಡುವ ಧೈರ್ಯವಾಗಲಿಲ್ಲ.

"ತಾತನ ತಪ್ಪಲ್ಲ," ಎಂದಳು ಕುಳ್ಳಿ. "ನಂಗೆ ಬರಲ್ಲ."

ಮುಖ್ಯೋಪಾಧ್ಯಾಯಿನಿ ಗದರಲಿಲ್ಲ, ಉಪದೇಶವನ್ನೂ ಮಾಡಲಿಲ್ಲ. ಒಂಬತ್ತನೆಯ ತರಗತಿಗೆ ಸೇರಿಸಿಕೊಳ್ಳುತ್ತೇನೆ ಎಂದರು. ಆದರೆ ದಿನಾ ಮೊದಲ ಎರಡು ಪೀರಿಯಡ್ ಗೋಡೆಯಾಚೆಯ ಪ್ರಾಥಮಿಕ ಶಾಲೆಯಲ್ಲಿ, ಮೂರನೇ ತರಗತಿಯ ಮಕ್ಕಳ ಜೊತೆ ಕೂತು ಓದು ಕಲಿಯಬೇಕು. "ಆರು ತಿಂಗಳು ಸಾಕಾಗುತ್ತೆ. ನಾಚಿಕೆ ಆಗುತ್ತಮ್ಮ, ಸುಳ್ಳು ಹೇಳಲ್ಲ. ಇದು ಚಿಕ್ಕ ಶಾಲೆ, ಎಲ್ಲರಿಗೂ ಗೊತ್ತಾಗುತ್ತೆ. ಯೋಚನೆ ಮಾಡಿ ಬನ್ನಿ."

ನಾಲ್ವರೂ ಮನೆಗೆ ಬಂದರು. ಬಾಗಿಲು ಹಾಕಿದ್ದೇ ತಡ ಅಮ್ಮ ಶುರುಮಾಡಿದಳು.

"ಎಷ್ಟು ದಿನದಿಂದ ಗೊತ್ತು, ಮಾವ?"

"ಎರಡು ವರ್ಷ."

"ಎರಡು ವರ್ಷ. ನಲವತ್ತು ವರ್ಷ ಬೇರೆಯವರ ತಪ್ಪು ಹುಡುಕಿದವರು ನೀವು. ಮನೆಯೊಳಗಿನ ತಪ್ಪನ್ನ ಅಂಗಿಯೊಳಗೆ ಮುಚ್ಚಿಟ್ಕೊಂಡು ಓಡಾಡಿದ್ರಿ."

"ಹೇಳಬೇಕು ಅಂತ ಇದ್ದೆ."

"ಯಾವಾಗ? ಅವಳ ಮದುವೆಲಿ?"

"ಅಪ್ಪನನ್ನ ಒಬ್ಬರನ್ನೇ ಅನ್ನಬೇಡ," ಎಂದ ಗಂಡ. ಅವನ ದನಿಯಲ್ಲಿ ಎಂದಿನ ತಮಾಷೆ ಇರಲಿಲ್ಲ. "ಎಂಟು ವರ್ಷ ಮಾರ್ಕ್ಸ್ ಕಾರ್ಡಿಗೆ ಸಹಿ ಹಾಕಿದ್ದು ನಾನೂ ನೀನೂ. ಯಂತ್ರದ ಸದ್ದು ಕೇಳಿದ್ರೆ ಸಾಕು, ಎಲ್ಲಿ ಕೆಟ್ಟಿದೆ ಅಂತ ಹೇಳ್ತೀನಿ ನಾನು. ಇವಳ ಸದ್ದು ದಿನಾ ಕೇಳಿದೀನಿ. ಏನೂ ಗೊತ್ತಾಗ್ಲಿಲ್ಲ."

"ನಾನು ಐದು ಗಂಟೆಗೆ ಎದ್ದು ಹೋಗ್ತಿದ್ದೆ, ರೀ."

"ನಿನ್ನ ಯಾರು ಏನಂದ್ರು ಈಗ?"

ಯಾರೂ ಏನೂ ಅಂದಿರಲಿಲ್ಲ. ಅದೇ ಅವಳಿಗೆ ಹೆಚ್ಚು ಚುಚ್ಚಿತು. ಕುಳ್ಳಿ ಅಡುಗೆಮನೆಗೆ ಹೋಗಿ ಅಕ್ಕಿ ತೊಳೆದಿಟ್ಟಳು. ಆ ದಿನ ಸಾರಿಗೆ ಉಪ್ಪು ಹಾಕಿದ್ದೇ ಇಲ್ಲ, ಎಲ್ಲರೂ ಹಾಗೇ ಉಂಡರು. ಊಟವಾದ ಮೇಲೆ ತಾತ ಎದ್ದು ಎಲ್ಲರ ತಟ್ಟೆ ತೊಳೆದರು. ಹಿಂದೆಂದೂ ತೊಳೆದವರಲ್ಲ. ಸೊಸೆ ತಡೆಯಲಿಲ್ಲ.

ಸೋಮವಾರ ಡಿಪೋದಲ್ಲಿ ಟ್ರಿಪ್ ಶೀಟು ಕೊಡಲು ಬಂದ ಹಿರಿಯ ಕಂಡಕ್ಟರ್ ಒಬ್ಬಳು, "ಮೇಡಂ, ನಿಮ್ಮ ಮಗಳು ನಮ್ಮ ಮಕ್ಕಳ ಶಾಲೆಗೇ ಅಂತೆ? ನನ್ನ ಮಗಳೂ ಒಂಬತ್ತನೇದೇ. ಒಟ್ಟಿಗೆ ಹೋಗ್ತಾರೆ ಬಿಡಿ," ಎಂದಳು.

"ಇಲ್ಲ, ದೊಡ್ಡದಕ್ಕೆ ಹಾಕ್ತಿದೀವಿ," ಎಂದಳು ಅಮ್ಮ. "ಅಲ್ಲಿ ಲ್ಯಾಬ್ ಚೆನ್ನಾಗಿದೆ."

ಮಾತು ತಾನಾಗಿ ಬಂದುಬಿಟ್ಟಿತು. ಯಾರ ಬಾಯಿಂದ ಇದನ್ನು ಮೂರು ವಾರ ಕೇಳಿದ್ದೆ ಎಂಬುದು ಆಮೇಲೆ ನೆನಪಾಯಿತು. ಹೊಸ ಕಂಟ್ರೋಲರಮ್ಮನ ಎತ್ತರದ ಮಗಳು ಮೂರನೇ ತರಗತಿ ಮಕ್ಕಳ ಬೆಂಚಿನಲ್ಲಿ ಮೊಣಕಾಲು ಮಡಿಸಿ ಕೂತಿರುವುದು, ಅದನ್ನು ಈ ಡಿಪೋದ ಮನೆಮನೆಯಲ್ಲೂ ಹೇಳಿಕೊಂಡು ನಗುವುದು ಅವಳ ಕಣ್ಣಮುಂದೆ ಬಂದಿತ್ತು. "ಮೇಡಂ" ಎನ್ನುವವರ ತುಟಿಯ ಕೊನೆಯಲ್ಲಿ ಆ ನಗು ಕಾಣಬಾರದು ಎನಿಸಿತು.

ಸಂಜೆ ಮನೆಯಲ್ಲಿ ಮಾತು ತಿರುಗುಮುರುಗಾಯಿತು.

"ದೊಡ್ಡದಕ್ಕೇ ಹಾಕೋಣ," ಎಂದಳು ಅಮ್ಮ. "ಓದು ಮನೇಲಿ ನಾನು ಕಲಿಸ್ತೀನಿ. ಹೊರಗಿನವರಿಗೆ ಯಾಕೆ ಗೊತ್ತಾಗಬೇಕು?"

"ಬೇಡಮ್ಮ," ಎಂದರು ತಾತ. "ನಾನೂ ಇದೇ ಲೆಕ್ಕ ಹಾಕಿದ್ದೆ. ಎರಡು ವರ್ಷ ಹೋಯ್ತು. ಆ ಹೆಡ್‌ಮಿಸ್ಸು ಸರಿಯಾಗಿ ಹೇಳಿದಾರೆ. ಚಿಕ್ಕದಕ್ಕೇ ಸೇರಿಸು."

"ಈ ವಿಷಯದಲ್ಲಿ ನೀವು ಮಾತಾಡ್ಬೇಡಿ, ಮಾವ."

ಅಪ್ಪ ಬಾಯಿ ತೆರೆದ, ಹೆಂಡತಿಯ ಮುಖ ನೋಡಿ ಮುಚ್ಚಿದ.

"ನನ್ನ ಯಾರೂ ಕೇಳಲ್ವಾ?" ಎಂದಳು ಕುಳ್ಳಿ.

"ನೀನೇ ತಾನೆ ಮೊದಲಿಂದ ದೊಡ್ಡದು ದೊಡ್ಡದು ಅಂತಿದ್ದಿದ್ದು?"

"ಆಗ ನಿಮಗೆ ಗೊತ್ತಿರಲಿಲ್ಲ. ಈಗ ಗೊತ್ತಾಯ್ತಲ್ಲ."

ಆ ವಾರ ಎರಡು ದಿನ ಅಮ್ಮ, ಡ್ಯೂಟಿಯಿಂದ ಬಂದ ಮೇಲೆ, ಆಲೂಗಡ್ಡೆ ಸಿಪ್ಪೆ ತೆಗೆಯುತ್ತಾ ಮಗಳಿಗೆ ಓದು ಕಲಿಸಲು ಕೂತಳು. ಮೊದಲ ದಿನ ನಾಲ್ಕು ಸಾಲಾಗುವಷ್ಟರಲ್ಲಿ "ಅಯ್ಯೋ, ಈಗ ತಾನೆ ಹೇಳಿದ್ನಲ್ಲೇ" ಎಂದು ಆರು ಸಲ ಅಂದಳು. ಎರಡನೆಯ ದಿನ ಮಗಳು ಒಂದು ಪದದ ಮುಂದೆ ನಿಂತಿದ್ದಾಗ ತಾಳ್ಮೆ ಕೆಟ್ಟು ಇಡೀ ಸಾಲನ್ನು ತಾನೇ ಓದಿಬಿಟ್ಟಳು. ಕುಳ್ಳಿ ಬೆರಳು ಓಡಿಸಿ "ಸರಿ" ಎಂದಳು. ಮೂಲೆಯಲ್ಲಿ ಬಟ್ಟೆ ಮಡಚುತ್ತಿದ್ದ ತಾತ ಎದ್ದು ತಾರಸಿಗೆ ಹೋದರು. ಮೂರನೆಯ ದಿನ ಡಿಪೋದಲ್ಲಿ ಎರಡು ಬಸ್ಸು ಕೆಟ್ಟು ನಿಂತವು, ಅಮ್ಮ ಬರುವುದೇ ತಡವಾಯಿತು. ನಾಲ್ಕನೆಯ ದಿನ ಇಬ್ಬರೂ ಆ ವಿಷಯ ಎತ್ತಲಿಲ್ಲ.

ದೊಡ್ಡ ಶಾಲೆಯಲ್ಲಿ ಸೇರ್ಪಡೆಯ ಕೊನೆಯ ದಿನ ಏಳು ಕೌಂಟರು, ಏಳು ಸಾಲು. ಒಂದೊಂದು ಸಾಲೂ ವರಾಂಡ ದಾಟಿ ಮೆಟ್ಟಿಲು ಇಳಿದಿತ್ತು. ಅಮ್ಮ ಅರ್ಧ ದಿನ ರಜೆ ಹಾಕಿ ಬಂದಿದ್ದಳು. ಒಂದೂವರೆ ಗಂಟೆ ನಿಂತ ಮೇಲೆ ಸರದಿ ಬಂತು. ಗುಮಾಸ್ತ ತಲೆ ಎತ್ತದೆ ಹಳೆ ಅಂಕಪಟ್ಟಿ ತೆಗೆದುಕೊಂಡ, ಫೋಟೋ ಅಂಟಿಸಿದ, ಫಾರಂ ತಿರುಗಿಸಿ ಕುಳ್ಳಿಯ ಮುಂದೆ ತಳ್ಳಿದ.

"ಇಲ್ಲಿ ಪೋಷಕರು, ಇಲ್ಲಿ ವಿದ್ಯಾರ್ಥಿ. ಸಹಿ ಹಾಕಮ್ಮ."

"ಇದೇನು ಬರೆದಿರೋದು?" ಎಂದು ಕುಳ್ಳಿ ಸಹಿಯ ಜಾಗದ ಮೇಲಿನ ಸಾಲನ್ನು ತೋರಿಸಿದಳು.

"ಶಾಲೆಯ ನಿಯಮಗಳನ್ನ ನಾನೇ ಓದಿ ಒಪ್ಪಿದ್ದೀನಿ ಅಂತ."

"ಓದಿಲ್ಲ."

"ಓದು ಹಾಗಾದ್ರೆ, ಪಕ್ಕದಲ್ಲೇ ಇದೆ. ಬೇಗ."

"ನಂಗೆ ಓದಕ್ಕೆ ಬರಲ್ಲ," ಎಂದಳು ಕುಳ್ಳಿ.

ಅವಳು ಗಟ್ಟಿಯಾಗೇನೂ ಹೇಳಿರಲಿಲ್ಲ. ಆದರೆ ಹಿಂದಿನ ನಾಲ್ಕೈದು ಜನ ಮಾತು ನಿಲ್ಲಿಸಿದರು. ಗುಮಾಸ್ತ ಮೊದಲ ಬಾರಿಗೆ ತಲೆ ಎತ್ತಿದ.

"ತಮಾಷೆ ಮಾಡ್ತಾಳೆ," ಎಂದಳು ಅಮ್ಮ. ನಕ್ಕಳು ಕೂಡ. "ಮನೇಲೂ ಹೀಗೇ. ತಾತನ ಜೊತೆ ಬೆಳೆದವಳು, ಮಾತು ಜಾಸ್ತಿ."

ಹಿಂದಿನವರು ನಕ್ಕರು. "ಸಹಿ ಹಾಕು ತಾಯಿ, ಆ ನಿಯಮಗಳನ್ನ ಇಲ್ಲಿ ಯಾರೂ ಓದಲ್ಲ," ಎಂದು ಗುಮಾಸ್ತನೂ ನಕ್ಕ. ಕುಳ್ಳಿ ಅಮ್ಮನ ಮುಖ ನೋಡಿದಳು. ಆಮೇಲೆ ಅವಳೂ ನಕ್ಕಳು. ಚೆನ್ನಾಗಿಯೇ ನಕ್ಕಳು, ತುಂಬ ಅಭ್ಯಾಸವಿದ್ದವಳಂತೆ, ನಗುತ್ತಲೇ ಪೆನ್ನು ತೆಗೆದುಕೊಂಡಳು.

ಆ ನಗು ಅಮ್ಮನಿಗೆ ಗೊತ್ತಿತ್ತು. ಮಾರ್ಕ್ಸ್ ಕಾರ್ಡ್ ಮುಂದೆ ಹಿಡಿದು ಮಗಳು ನಗುತ್ತಿದ್ದುದು ಹೀಗೆಯೇ. ಎಂಟು ವರ್ಷ ಅದನ್ನು ಕುಶಾಲು ಎಂದುಕೊಂಡಿದ್ದಳು. ಮಾವನಿಗೆ ಏನೇನೆಲ್ಲ ಅಂದೆ, ಅವರು ಕಾಪಾಡಿಕೊಂಡು ಬಂದ ಸುಳ್ಳನ್ನೇ ನಾನು ಈಗ ನಲವತ್ತು ಜನರ ಎದುರು ಮಗಳ ಬಾಯಿಗೇ ತುರುಕಿದೆ ಎನಿಸಿ ಅವಳಿಗೆ ನಿಂತ ನೆಲ ಬೇಡವೆನಿಸುವಷ್ಟು ನಾಚಿಕೆಯಾಯಿತು. ಫಾರಂ ಮೇಲೆ ಅಂಗೈ ಊರಿದಳು.

"ತಡಿ," ಎಂದಳು. ಆಮೇಲೆ ಗುಮಾಸ್ತನಿಗೆ, "ತಮಾಷೆ ಅಲ್ಲ ಸರ್. ಅವಳು ನಿಜ ಹೇಳಿದ್ಲು. ಓದಕ್ಕೆ ಬರಲ್ಲ ಅವಳಿಗೆ. ನಾವು ನೋಡ್ಕೊಳ್ಲಿಲ್ಲ."

"ಅಯ್ಯೋ, ಇಲ್ಲಿ ಅಂಥವರು ಬೇಕಾದಷ್ಟಿದಾರೆ ಮೇಡಂ," ಎಂದ ಅವನು, ಸಮಾಧಾನ ಮಾಡುವವನಂತೆ. "ಹೇಗೋ ನಡೆದುಹೋಗುತ್ತೆ."

"ಹೇಗೋ ನಡೆದೇ ಇಲ್ಲಿವರೆಗೆ ಬಂದಿದೆ. ಅಂಕಪಟ್ಟಿ ವಾಪಸ್ ಕೊಡಿ."

ಇಡೀ ಸಾಲನ್ನು ಹಾದು ಹೊರಗೆ ಬರಬೇಕಿತ್ತು. ಮಾತು ಅವರಿಗಿಂತ ಮುಂದೆ ಓಡಿತ್ತು. ಮೆಟ್ಟಿಲ ಬಳಿಯವರೂ ತಿರುಗಿ ನೋಡಿದರು. ಅಮ್ಮ ಕಾಲು ನೋಡಿಕೊಂಡು ನಡೆದಳು.

ನಿಲ್ದಾಣ ಗೇಟಿನ ಎದುರಿಗೇ ಇತ್ತು. ಬೆಂಚು ಖಾಲಿ ಇದ್ದರೂ ಇಬ್ಬರೂ ಕೂರಲಿಲ್ಲ.

"ಆ ಚಿಕ್ಕ ಮಕ್ಕಳು ನಗ್ತವೆ," ಎಂದಳು ಕುಳ್ಳಿ.

"ನಗ್ತವೆ. ಡಿಪೋದಲ್ಲೂ ನಗ್ತಾರೆ."

"ನೀನು ತಮಾಷೆ ಅಂದೆಯಲ್ಲಮ್ಮ."

"ಹೂಂ. ಅಂದೆ." ಅಮ್ಮ ಅಂಕಪಟ್ಟಿಯನ್ನು ಮಡಚಿ ಚೀಲಕ್ಕೆ ಹಾಕಿದಳು. "ನಂಗೆ ನಾಚಿಕೆ ಆಗ್ತಿರೋದು ಅದಕ್ಕೇ. ನಿನ್ನ ಓದಿಗಲ್ಲ."

ಬಸ್ಸು ಬಂತು. ಅದು ತಮ್ಮ ಕಡೆಯದೇ ಎಂದು ಅಮ್ಮನಿಗೆ ತಿರುವಿನಲ್ಲೇ ತಿಳಿದಿತ್ತು, ಕೈ ತಾನಾಗಿ ಮೇಲೆದ್ದಿತು. ಮಗಳು ಬೋರ್ಡನ್ನೇ ನೋಡುತ್ತಾ ತುಟಿ ಅಲ್ಲಾಡಿಸುತ್ತಿದ್ದುದನ್ನು ಕಂಡು ಕೈಯನ್ನು ಇಳಿಸಿದಳು. ಕಂಡಕ್ಟರ್ ಬಗ್ಗಿ "ಹತ್ತೀರಾ?" ಎಂದ. ಅಮ್ಮ ಇಲ್ಲವೆಂದು ತಲೆಯಾಡಿಸಿದಳು. ಬಸ್ಸು ಹೊರಟಿತು.

"ಮಾರುಕಟ್ಟೆ," ಎಂದಳು ಕುಳ್ಳಿ, ಬಸ್ಸು ಮರೆಯಾದ ಮೇಲೆ. "ಅಮ್ಮ, ಅದು ನಮ್ಮದೇ."

"ಹೌದು."

"ಮತ್ತೆ ಯಾಕೆ ಬಿಟ್ಟೆ?"

"ನೀನಿನ್ನೂ ಓದ್ತಿದ್ದೆ."

ಇಪ್ಪತ್ತು ನಿಮಿಷ ಕಳೆಯಿತು. ಶಾಲೆಯ ಸಾಲಿನಲ್ಲಿದ್ದವರು ಕೆಲಸ ಮುಗಿಸಿಕೊಂಡು ಒಬ್ಬೊಬ್ಬರಾಗಿ ಬಂದು ಅದೇ ನಿಲ್ದಾಣದಲ್ಲಿ ನಿಂತರು. ಕೆಲವರು ಇವರನ್ನು ಗುರುತಿಸಿ ಒಬ್ಬರಿಗೊಬ್ಬರು ಮೊಣಕೈ ತಾಗಿಸಿಕೊಂಡರು. ಅಮ್ಮನ ಕಿವಿ ಬಿಸಿಯಾಯಿತು. ಮುಂದಿನ ಬಸ್ಸು ಬಂದು ನಿಂತಿತು, ಅದೂ ಮಾರುಕಟ್ಟೆಯ ಮೇಲೆ ಹೋಗುವುದೇ, ಆದರೆ ಬೋರ್ಡು ಬೇರೆ, ಉದ್ದದ್ದು. ಎಲ್ಲರೂ ನುಗ್ಗಿ ಹತ್ತಿದರು. ಕುಳ್ಳಿ ಕೆಳಗೇ ನಿಂತು ತಲೆ ಎತ್ತಿ, ಎಲ್ಲರಿಗೂ ಕೇಳುವಂತೆ, ಒಂದೊಂದೇ ಅಕ್ಷರ ಕೂಡಿಸತೊಡಗಿದಳು. "ಆ... ಸ್ಪ... ಆಸ್ಪ... ತ್ರೆ..."

"ಏನಮ್ಮ, ಹತ್ತೀರೋ ಇಲ್ವೋ," ಎಂದ ಕಂಡಕ್ಟರ್.

"ಒಂದು ನಿಮಿಷ ಇರಪ್ಪ," ಎಂದಳು ಅಮ್ಮ. ಬಾಗಿಲ ಕಂಬಿ ಹಿಡಿದು ಒಂದು ಕಾಲನ್ನು ಮೆಟ್ಟಿಲ ಮೇಲೆ, ಇನ್ನೊಂದನ್ನು ರಸ್ತೆಯ ಮೇಲೆ ಇಟ್ಟು, ಕೊನೆಯ ಅಕ್ಷರ ಮುಗಿಯುವವರೆಗೆ ಬಸ್ಸನ್ನು ತಡೆದು ನಿಂತಳು.